ಚೀಟಿಯಲ್ಲಿ ಬರೆದ ಊಟ: ಬಾಸ್ಟನ್ ಆಸ್ಪತ್ರೆಯ ಆಹಾರ ಉಗ್ರಾಣದ ಕಾಲು ಶತಮಾನ

ಅಮೆರಿಕದ ಬಾಸ್ಟನ್ ನಗರದ ಸೌತ್ ಎಂಡ್ ಬಡಾವಣೆಯಲ್ಲಿ ಬಾಸ್ಟನ್ ಮೆಡಿಕಲ್ ಸೆಂಟರ್ ಎಂಬ ಆಸ್ಪತ್ರೆಯಿದೆ. ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಬಡವರ ಪಾಲಿಗೆ ಇದಕ್ಕಿಂತ ದೊಡ್ಡ ಆಸ್ಪತ್ರೆ ಇನ್ನೊಂದಿಲ್ಲ. 2001ರಲ್ಲಿ ಈ ಆಸ್ಪತ್ರೆ ತನ್ನ ಆವರಣದೊಳಗೇ ಒಂದು ಆಹಾರ ಉಗ್ರಾಣ ತೆರೆಯಿತು. ಅಲ್ಲಿ ಸಿಗುವ ಅಕ್ಕಿ, ಕಾಳು, ಮೊಟ್ಟೆ, ಹಣ್ಣು, ತರಕಾರಿಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟ ಚೀಟಿ ಇರಬೇಕು. ಮಾತ್ರೆ ಬರೆಯುವ ವೈದ್ಯರೇ ದಿನಸಿಯನ್ನೂ ಬರೆಯುತ್ತಾರೆ.

ಅದರ ಹೆಸರು ಪ್ರಿವೆಂಟಿವ್ ಫುಡ್ ಪ್ಯಾಂಟ್ರಿ. ರೋಗ ಬರುವ ಮೊದಲೇ ತಡೆಯಬೇಕು, ಬಂದ ರೋಗ ಉಲ್ಬಣಿಸದಂತೆ ನೋಡಿಕೊಳ್ಳಬೇಕು, ಚಿಕಿತ್ಸೆ ಪಡೆದವರು ಬೇಗ ಚೇತರಿಸಿಕೊಳ್ಳಬೇಕು ಎಂಬ ಮೂರು ಉದ್ದೇಶಗಳು ಅದರ ಹಿಂದಿವೆ. ಅಮೆರಿಕದ ಊರೂರುಗಳಲ್ಲಿ ಚರ್ಚುಗಳು, ಸೇವಾ ಸಂಸ್ಥೆಗಳು ನಡೆಸುವ ಆಹಾರ ಉಗ್ರಾಣಗಳು ಸಾವಿರಾರಿವೆ. ಹಸಿವನ್ನು ರೋಗಿಯ ಕಡತದಲ್ಲಿ ದಾಖಲಿಸಿ, ಅದಕ್ಕೆ ಆಸ್ಪತ್ರೆಯ ಒಳಗೇ ಪರಿಹಾರ ಕೊಡುವ ಉಗ್ರಾಣಗಳಲ್ಲಿ ಇದು ಮೊದಲ ಸಾಲಿನದು. ಇಪ್ಪತ್ತೈದು ವರ್ಷಗಳ ಅದರ ಕಥೆಯನ್ನು 2001ರಿಂದ ಶುರು ಮಾಡಿದರೆ ಅರ್ಧವಷ್ಟೇ ತಿಳಿಯುತ್ತದೆ. ಅದರ ಬೇರು ಆಸ್ಪತ್ರೆಯ ಹುಟ್ಟಿನಷ್ಟೇ ಹಳೆಯದು.

ಬಡವರಿಗಾಗಿ ಕಟ್ಟಿದ ಆಸ್ಪತ್ರೆ

ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಭೀಕರ ಬರಗಾಲ ಬಿತ್ತು. ಹಸಿವಿನಿಂದ ಪಾರಾಗಲು ಹಡಗು ಹತ್ತಿದ ಸಾವಿರಾರು ಕುಟುಂಬಗಳು ಬಾಸ್ಟನ್ ಬಂದರಿನಲ್ಲಿ ಇಳಿದವು. ಉಳ್ಳವರು ಆಗ ಮನೆಗೇ ವೈದ್ಯರನ್ನು ಕರೆಸಿಕೊಳ್ಳುತ್ತಿದ್ದರು. ಇಕ್ಕಟ್ಟಿನ ಬಾಡಿಗೆ ಮನೆಗಳಲ್ಲಿದ್ದ ಕೂಲಿಕಾರರಿಗೆ ಆ ಅನುಕೂಲ ಇರಲಿಲ್ಲ. ಬಾಸ್ಟನ್ ನಗರಾಡಳಿತ ತನ್ನ ಬಡ ನಿವಾಸಿಗಳಿಗಾಗಿ ಕಟ್ಟಿದ ಬಾಸ್ಟನ್ ಸಿಟಿ ಹಾಸ್ಪಿಟಲ್ 1864ರಲ್ಲಿ ಬಾಗಿಲು ತೆರೆಯಿತು. ಅಮೆರಿಕದಲ್ಲಿ ಅಂತರ್ಯುದ್ಧ ಇನ್ನೂ ಮುಗಿದಿರದ ಕಾಲ ಅದು.

1996ರಲ್ಲಿ ಈ ಹಳೆಯ ಪೌರ ಆಸ್ಪತ್ರೆ ಮತ್ತು ಪಕ್ಕದಲ್ಲೇ ಇದ್ದ ಬಾಸ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆ ಒಂದಾಗಿ ಬಾಸ್ಟನ್ ಮೆಡಿಕಲ್ ಸೆಂಟರ್ ರೂಪುಗೊಂಡಿತು. ಹೆಸರು, ಆಡಳಿತ ಬದಲಾದವು, ಬರುವ ಜನ ಬದಲಾಗಲಿಲ್ಲ. ಐರಿಷರ ಜಾಗದಲ್ಲಿ ಹೈಟಿ, ಕೇಪ್ ವರ್ಡ್, ವಿಯೆಟ್ನಾಂ, ಮಧ್ಯ ಅಮೆರಿಕದಿಂದ ಬಂದವರು ನಿಂತರು. ಹತ್ತು ರೋಗಿಗಳಲ್ಲಿ ಸುಮಾರು ಮೂವರ ಮನೆಮಾತು ಇಂಗ್ಲಿಷ್ ಅಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ಕಚೇರಿಗಳನ್ನು ರಾತ್ರಿ ಗುಡಿಸುವವರು, ಮುದುಕರ ಆರೈಕೆಗೆ ಮನೆಮನೆಗೆ ಹೋಗುವವರು ಇಲ್ಲಿಗೆ ಬರುತ್ತಾರೆ. ದುಡಿಮೆ ಇದ್ದೂ ತಿಂಗಳ ಕೊನೆಯ ವಾರಕ್ಕೆ ಕೈ ಬರಿದಾಗುವ ಕುಟುಂಬಗಳೇ ಅವರಲ್ಲಿ ಹೆಚ್ಚು.

ಬೆಳೆಯದ ಮಕ್ಕಳು, ಕೊರೆಯುವ ಚಳಿ

ಉಗ್ರಾಣದ ಕಥೆಯಲ್ಲಿ ಮುಖ್ಯವಾದ ತಿರುವು 1984ರದು. ಮಕ್ಕಳ ತಜ್ಞೆ ಡಾ. ಡೆಬೊರಾ ಫ್ರಾಂಕ್ ಆ ವರ್ಷ ಸಿಟಿ ಹಾಸ್ಪಿಟಲ್‌ನಲ್ಲಿ ‘ಗ್ರೋ ಕ್ಲಿನಿಕ್’ ಆರಂಭಿಸಿದರು. ವಯಸ್ಸಿಗೆ ತಕ್ಕ ತೂಕ ಬಾರದ, ಬೆಳವಣಿಗೆ ಕುಂಠಿತವಾದ ಪುಟ್ಟ ಮಕ್ಕಳಿಗಾಗಿಯೇ ಮೀಸಲಾದ ಚಿಕಿತ್ಸಾಲಯ ಅದು. ಮಕ್ಕಳ ವೈದ್ಯರು, ಪಥ್ಯತಜ್ಞರು, ಸಮಾಜ ಕಾರ್ಯಕರ್ತರು ಒಂದೇ ತಂಡವಾಗಿ ಮಗುವನ್ನು ನೋಡುತ್ತಿದ್ದರು. ತಂಡದವರು ಮನೆಗಳಿಗೂ ಹೋಗುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಕಾಣದ ಕಾರಣಗಳು ಮನೆಯ ಅಡುಗೆ ಕಪಾಟು ತೆರೆದಾಗ ಕಾಣುತ್ತಿದ್ದವು. ಡಬ್ಬಿಯ ಹಾಲಿನಪುಡಿಗೆ ನೀರು ಹೆಚ್ಚು ಬೆರೆಸಿ ನಾಲ್ಕು ದಿನ ಹೆಚ್ಚಿಗೆ ಎಳೆಯುವ ತಾಯಂದಿರ ಪಾಡು ಔಷಧಿಯಿಂದ ಸರಿಹೋಗುವಂಥದ್ದಲ್ಲ.

ಡಾ. ಫ್ರಾಂಕ್ ಮತ್ತು ಅವರ ಸಹೋದ್ಯೋಗಿಗಳು ಇನ್ನೊಂದು ಸಂಗತಿಯನ್ನೂ ಗಮನಿಸಿದರು. ಬಾಸ್ಟನ್ನಿನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಹೆಪ್ಪುಗಟ್ಟುವ ಚಳಿ. ಮನೆ ಬೆಚ್ಚಗಿಡುವ ಎಣ್ಣೆ ಅಥವಾ ಗ್ಯಾಸಿನ ಬಿಲ್ಲು ಕಟ್ಟದೆ ವಿಧಿಯಿಲ್ಲ. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ಆರು ತಿಂಗಳಿನಿಂದ ಎರಡು ವರ್ಷದೊಳಗಿನ ಮಕ್ಕಳ ತೂಕವನ್ನು ಅವರು ಮೂರು ವರ್ಷ ಕಾಲ ದಾಖಲಿಸಿದರು. ಅತಿ ಚಳಿಯ ತಿಂಗಳುಗಳು ಕಳೆದ ಮೇಲಿನ ಅವಧಿಯಲ್ಲಿ ತೂಕ ತೀರ ಕಡಿಮೆಯಿದ್ದ ಮಕ್ಕಳ ಪ್ರಮಾಣ ಏರಿತ್ತು. ಬಿಸಿಗೆ ಖರ್ಚು ಮಾಡಿದ ದುಡ್ಡು ಊಟದ ದುಡ್ಡೇ ಆಗಿತ್ತು. 1996ರಲ್ಲಿ ಪ್ರಕಟವಾದ ಈ ಅಧ್ಯಯನದ ನಂತರ ‘ಬಿಸಿಯೋ ಊಟವೋ’ ಎಂಬ ಪ್ರಶ್ನೆ ಅಮೆರಿಕದ ಆರೋಗ್ಯ ಚರ್ಚೆಯಲ್ಲಿ ನೆಲೆನಿಂತಿತು. ಇಂಧನ ನೆರವು ಮತ್ತು ಆಹಾರ ನೆರವಿನ ಕುರಿತು ಡಾ. ಫ್ರಾಂಕ್ ಅಮೆರಿಕದ ಸಂಸತ್ತಿನ ಸಮಿತಿಗಳ ಮುಂದೆ ಹಲವು ಬಾರಿ ಸಾಕ್ಷ್ಯ ನುಡಿದರು.

ಅದೇ 1996ರಲ್ಲಿ ಕೇಂದ್ರ ಸರ್ಕಾರ ಜನಕಲ್ಯಾಣ ಕಾಯ್ದೆಯನ್ನು ಬದಲಿಸಿ, ಕಾನೂನುಬದ್ಧವಾಗಿಯೇ ನೆಲೆಸಿದ್ದ ವಲಸಿಗರಲ್ಲಿ ಬಹುಪಾಲು ಜನರನ್ನು, ಬಡವರಿಗೆ ದಿನಸಿ ಕೊಳ್ಳಲು ನೆರವಾಗುವ ಫುಡ್ ಸ್ಟಾಂಪ್ ಯೋಜನೆಯಿಂದ ಹೊರಗಿಟ್ಟಿತು. ಈ ಹಕ್ಕು ಮುಂದೆ ಭಾಗಶಃ ಮರಳಿತು. ಆದರೆ ವಲಸಿಗರೇ ತುಂಬಿದ ಆಸ್ಪತ್ರೆಗೆ ಅದರ ಪೆಟ್ಟು ನೇರವಾಗಿ ತಟ್ಟಿತು. ಕಾಯ್ದೆಯ ಪರಿಣಾಮ ಮಕ್ಕಳ ಮೈಮೇಲೆ ಹೇಗೆ ಕಾಣುತ್ತದೆಂದು ಅಳೆಯಲು 1998ರಲ್ಲಿ ಹಲವು ನಗರಗಳ ಮಕ್ಕಳ ವೈದ್ಯರು ಸೇರಿ ಒಂದು ಸಂಶೋಧನಾ ಜಾಲ ಕಟ್ಟಿದರು. ಬಾಸ್ಟನ್ ಅದರ ಕೇಂದ್ರವಾಯಿತು. ಇಂದು ‘ಚಿಲ್ಡ್ರನ್ಸ್ ಹೆಲ್ತ್‌ವಾಚ್’ ಎಂದು ಹೆಸರಾಗಿರುವುದು ಅದೇ ಜಾಲ.

ಮಾತ್ರೆಯಲ್ಲದ್ದನ್ನೂ ಬರೆಯುವ ರೂಢಿ

ಆಹಾರಕ್ಕೆ ಚೀಟಿ ಬರೆಯುವ ಯೋಚನೆ ಈ ಆಸ್ಪತ್ರೆಯಲ್ಲಿ ಏಕಾಏಕಿ ಹುಟ್ಟಿದ್ದಲ್ಲ. ಇಲ್ಲಿನ ಮಕ್ಕಳ ವಿಭಾಗಕ್ಕೆ ಔಷಧ ಅಂಗಡಿಯಲ್ಲಿ ಸಿಗದ್ದನ್ನು ಬರೆದುಕೊಡುವ ರೂಢಿ ಮೊದಲೇ ಇತ್ತು. 1989ರಲ್ಲಿ ಡಾ. ಬ್ಯಾರಿ ಜುಕರ್‌ಮನ್ ಮತ್ತು ಡಾ. ರಾಬರ್ಟ್ ನೀಡ್ಲ್‌ಮನ್ ಮುಂತಾದವರು ತಪಾಸಣೆಗೆ ಬಂದ ಮಗುವಿನ ಕೈಗೆ ಒಂದು ಪುಸ್ತಕ ಕೊಟ್ಟು, ದಿನವೂ ಓದಿ ಹೇಳಿ ಎಂದು ತಂದೆತಾಯಿಗೆ ತಿಳಿಹೇಳುವ ಕಾರ್ಯಕ್ರಮ ಆರಂಭಿಸಿದರು. ‘ರೀಚ್ ಔಟ್ ಆ್ಯಂಡ್ ರೀಡ್’ ಎಂಬ ಆ ಕಾರ್ಯಕ್ರಮ ಈಗ ದೇಶವನ್ನೆಲ್ಲ ವ್ಯಾಪಿಸಿದೆ. 1993ರಲ್ಲಿ ಡಾ. ಜುಕರ್‌ಮನ್ ಆಸ್ಪತ್ರೆಗೆ ವಕೀಲರನ್ನು ಕರೆತಂದರು. ಗೋಡೆ ಬೂಷ್ಟು ಹಿಡಿದ ಮನೆಯಲ್ಲಿರುವ ಉಬ್ಬಸದ ಮಗುವಿಗೆ ಎಷ್ಟು ಮದ್ದು ಕೊಟ್ಟರೂ ಮನೆ ಮಾಲೀಕ ಗೋಡೆ ಸರಿಪಡಿಸದೆ ಗುಣವಾಗದು. ಹಾಗಾಗಿ ಮಾಲೀಕನಿಗೆ ನೋಟಿಸು ಕೊಡುವವರೂ ಚಿಕಿತ್ಸಾ ತಂಡದಲ್ಲಿರಲಿ ಎಂಬುದು ಅವರ ವಾದ. ಪುಸ್ತಕ, ವಕೀಲ, ಆಮೇಲೆ ಊಟ. 2016ರಲ್ಲಿ ಇಲ್ಲಿನ ಯುವ ವೈದ್ಯರು ಬಡ ತಂದೆತಾಯಿಗೆ ಸರ್ಕಾರದಿಂದ ಬರಬೇಕಾದ ತೆರಿಗೆ ಹಣವನ್ನು ಕೊಡಿಸಲು ಕ್ಲಿನಿಕ್ಕಿನಲ್ಲೇ ಅರ್ಜಿ ತುಂಬಿಸುವ ‘ಸ್ಟ್ರೀಟ್‌ಕ್ರೆಡ್’ ಕಾರ್ಯಕ್ರಮವನ್ನೂ ಆರಂಭಿಸಿದರು. 

ಆಹಾರದ ಚೀಟಿಗೆ ಇನ್ನೂ ಹಿಂದಿನ ಪೂರ್ವಿಕರಿದ್ದಾರೆ. ಬಾಸ್ಟನ್ನಿನ ಟಫ್ಟ್ಸ್ ವೈದ್ಯ ಕಾಲೇಜಿನಲ್ಲಿದ್ದ ಡಾ. ಜ್ಯಾಕ್ ಗೈಗರ್ ಮತ್ತು ಡಾ. ಕೌಂಟ್ ಗಿಬ್ಸನ್ 1965ರ ಡಿಸೆಂಬರಿನಲ್ಲಿ ಇದೇ ನಗರದ ಕೊಲಂಬಿಯಾ ಪಾಯಿಂಟ್‌ನಲ್ಲಿ ಬಡವರಿಗಾಗಿ ಸಮುದಾಯ ಆರೋಗ್ಯ ಕೇಂದ್ರ ತೆರೆದರು. ಅದರ ಸೋದರ ಸಂಸ್ಥೆಯೊಂದು 1967ರಲ್ಲಿ ಮಿಸಿಸಿಪಿ ರಾಜ್ಯದ ಮೌಂಡ್ ಬಯೂ ಎಂಬ ಊರಿನಲ್ಲಿ ಶುರುವಾಯಿತು. ಹತ್ತಿ ಹೊಲಗಳಲ್ಲಿ ಯಂತ್ರ ಬಂದು ಕೆಲಸ ಕಳೆದುಕೊಂಡ ಕಪ್ಪು ಜನರ ಮಕ್ಕಳು ಅಲ್ಲಿ ಮೂಳೆ ಚಕ್ಕಳವಾಗಿ ಬರುತ್ತಿದ್ದರು. ವೈದ್ಯರು ಹಾಲು, ತರಕಾರಿ, ಮಾಂಸ ಇಷ್ಟಿಷ್ಟು ಎಂದು ಚೀಟಿ ಬರೆದರು. ಊರಿನ ಕಿರಾಣಿ ಅಂಗಡಿಗಳು ಸಾಮಾನು ಕೊಟ್ಟು ಆರೋಗ್ಯ ಕೇಂದ್ರಕ್ಕೆ ಬಿಲ್ಲು ಕಳಿಸಿದವು. ಬಿಲ್ಲಿನ ಹಣ ಔಷಧಿಯ ಲೆಕ್ಕದಿಂದ ಪಾವತಿಯಾಯಿತು. ಔಷಧಿಯ ಹಣ ರೋಗ ಗುಣಪಡಿಸಲು ಇರುವುದು ಎಂದು ವಾಷಿಂಗ್ಟನ್ನಿನಿಂದ ಬಂದ ಅಧಿಕಾರಿ ಆಕ್ಷೇಪಿಸಿದಾಗ, ಪೌಷ್ಟಿಕತೆಯ ಕೊರತೆಗೆ ವೈದ್ಯಗ್ರಂಥಗಳು ಹೇಳುವ ಮದ್ದು ಊಟವೇ ಅಲ್ಲವೇ ಎಂದು ಡಾ. ಗೈಗರ್ ಉತ್ತರ ಕೊಟ್ಟರು. ಅಧಿಕಾರಿಗೆ ಮರುಮಾತು ಇರಲಿಲ್ಲ.

ದಾಸ್ತಾನು ಎಲ್ಲಿಂದ?

ಚೀಟಿ ಬರೆದರೆ ಸಾಲದು, ಸಾಮಾನು ಬೇಕು. ಅದನ್ನು ಒದಗಿಸುವ ವ್ಯವಸ್ಥೆ ಅಮೆರಿಕದಲ್ಲಿ ಬೇರೆ ದಾರಿಯಲ್ಲಿ ಬೆಳೆದಿತ್ತು. 1967ರಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಮಾರಾಟವಾಗದೆ ಉಳಿದ, ಆದರೆ ಕೆಡದ ಆಹಾರವನ್ನು ಅಂಗಡಿಗಳಿಂದ ಸಂಗ್ರಹಿಸಿ ಸೇವಾ ಸಂಸ್ಥೆಗಳಿಗೆ ಹಂಚುವ ಮೊದಲ ಫುಡ್ ಬ್ಯಾಂಕ್ ಆರಂಭಿಸಿದರು. ಆ ಮಾದರಿ ನಗರದಿಂದ ನಗರಕ್ಕೆ ಹಬ್ಬಿತು. ಬಾಸ್ಟನ್ನಿನಲ್ಲಿ 1981ರಲ್ಲಿ ಫುಡ್ ಬ್ಯಾಂಕ್ ಹುಟ್ಟಿತು. ಅದರ ಸ್ಥಾಪನೆಯಲ್ಲಿ ಮುಂದೆ ನಿಂತವರು ಕಿಪ್ ಟಿಯರ್ನನ್. ನೆಲೆಯಿಲ್ಲದ ಹೆಂಗಸರಿಗಾಗಿ 1974ರಲ್ಲಿ ‘ರೋಸೀಸ್ ಪ್ಲೇಸ್’ ಆಶ್ರಯಧಾಮ ಕಟ್ಟಿದ ಛಲಗಾತಿ ಆಕೆ. ದಾನ ಎಂದಿಗೂ ನ್ಯಾಯಕ್ಕೆ ಬದಲಿಯಾಗದು ಎಂದು ಕೊನೆಯವರೆಗೂ ಸಾರಿದವರು.

ಗ್ರೇಟರ್ ಬಾಸ್ಟನ್ ಫುಡ್ ಬ್ಯಾಂಕ್ ಎಂದು ಬೆಳೆದ ಆ ಸಂಸ್ಥೆಯ ದೊಡ್ಡ ಗೋದಾಮು ಆಸ್ಪತ್ರೆಯಿಂದ ಕೂಗಳತೆಯಲ್ಲಿದೆ. ಆಸ್ಪತ್ರೆಯ ಉಗ್ರಾಣಕ್ಕೆ ಬರುವ ಆಹಾರದಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತದೆ. ಉಳಿದದ್ದನ್ನು ದಾನಿಗಳ ನೆರವಿನಿಂದ ಕೊಳ್ಳುತ್ತಾರೆ. ಹೀಗೆ ಮಕ್ಕಳ ವೈದ್ಯರ ಹದಿನೇಳು ವರ್ಷದ ತಿಳಿವಳಿಕೆ ಮತ್ತು ನಗರದ ಹಸಿವು ನಿವಾರಣಾ ಚಳವಳಿ ಎರಡೂ ಕೂಡಿದ ಜಾಗ 2001ರ ಈ ಉಗ್ರಾಣ.

ಉಗ್ರಾಣ ನಡೆಯುವ ಬಗೆ

ವ್ಯವಸ್ಥೆ ಸರಳ. ರೋಗಿಯನ್ನು ನೋಡುವ ವೈದ್ಯರು, ನರ್ಸು ಅಥವಾ ಪಥ್ಯತಜ್ಞರು ಮನೆಯಲ್ಲಿ ಊಟಕ್ಕೆ ತೊಂದರೆಯಿದೆ ಎಂದು ತಿಳಿದರೆ ಉಗ್ರಾಣಕ್ಕೆ ಬರೆದುಕೊಡುತ್ತಾರೆ. ಈಗ ಆ ಚೀಟಿ ಕಂಪ್ಯೂಟರಿನ ರೋಗಿ ಕಡತದಲ್ಲೇ ಹೋಗುತ್ತದೆ. ರೋಗಿ ತಿಂಗಳಿಗೆ ಎರಡು ಸಲ ಬರಬಹುದು. ಪ್ರತಿ ಸಲವೂ ಮನೆಮಂದಿಯ ಲೆಕ್ಕ ಹಿಡಿದು ಮೂರು ನಾಲ್ಕು ದಿನಕ್ಕೆ ಆಗುವಷ್ಟು ಸಾಮಾನು ಸಿಗುತ್ತದೆ. ಚೀಟಿ ಒಬ್ಬರ ಹೆಸರಿನಲ್ಲಿದ್ದರೂ ಸಾಮಾನು ಇಡೀ ಕುಟುಂಬಕ್ಕೆ. ಹಸಿದ ಮಕ್ಕಳ ಮುಂದೆ ಕೂತು ತಾನೊಬ್ಬಳೇ ಪಥ್ಯದ ಊಟ ಮಾಡುವ ತಾಯಿ ಯಾವ ದೇಶದಲ್ಲೂ ಇಲ್ಲ ಎಂಬ ಅರಿವು ಈ ನಿಯಮದ ಹಿಂದಿದೆ.

ಆರಂಭದಲ್ಲಿ ಕೆಲವು ನೂರು ಜನರಿಗೆಂದು ಯೋಜಿಸಿದ್ದ ಉಗ್ರಾಣ ಹದಿನೈದು ವರ್ಷ ಕಳೆಯುವಷ್ಟರಲ್ಲಿ ತಿಂಗಳಿಗೆ ಸುಮಾರು 7,000 ಜನರನ್ನು ತಲುಪತೊಡಗಿತು. ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ, ಬೊಜ್ಜು, ಕ್ಯಾನ್ಸರ್, ಎಚ್‌ಐವಿ ಇರುವವರು, ಬಸುರಿ ಬಾಣಂತಿಯರು, ಗ್ರೋ ಕ್ಲಿನಿಕ್ಕಿನ ಮಕ್ಕಳ ತಂದೆತಾಯಂದಿರು ಇದರ ಫಲಾನುಭವಿಗಳು.

ಆಸ್ಪತ್ರೆಯೊಳಗೇ ಉಗ್ರಾಣ ಇರುವುದರಿಂದ ಎರಡು ಲಾಭ. ಒಂದು, ಬಸ್ಸಿನ ಖರ್ಚು ಉಳಿಯುತ್ತದೆ. ವೈದ್ಯರನ್ನು ಕಂಡ ದಿನವೇ ಚೀಲ ತುಂಬಿಸಿಕೊಂಡು ಹೋಗಬಹುದು. ಎರಡನೆಯದು ಮಾನದ ವಿಚಾರ. ಧರ್ಮದ ಸಾಲಿನಲ್ಲಿ ನಿಲ್ಲಲು ಮುಜುಗರಪಡುವ ಜನ ವೈದ್ಯರು ಬರೆದುಕೊಟ್ಟದ್ದನ್ನು ಪಡೆಯಲು ಹಿಂಜರಿಯುವುದಿಲ್ಲ. ಚೀಟಿ ಕೈಯಲ್ಲಿದ್ದಾಗ ಅದು ಬೇಡಿದ್ದಲ್ಲ, ಚಿಕಿತ್ಸೆಯ ಪಾಲು. ಈ ಸಂಸ್ಥೆಯ ಇಪ್ಪತ್ತೈದು ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ಸಾಧನೆ ನನಗೆ ಕಾಣುವುದಿಲ್ಲ.

ಹೊಟ್ಟೆ ತುಂಬಿದರೆ ಸಾಲದು

ದಾನದ ಆಹಾರಕ್ಕೆ ಒಂದು ಹಳೆಯ ರೋಗವಿದೆ. ಕೊಡುವವರು ಕೊಡುವುದು ಕೆಡದೆ ಉಳಿಯುವ ವಸ್ತುವನ್ನು. ಉಪ್ಪು ತುಂಬಿದ ಡಬ್ಬಿ ಸೂಪು, ಸಕ್ಕರೆ ಪಾಕದಲ್ಲಿ ಮುಳುಗಿದ ಹಣ್ಣು, ಬಿಸ್ಕತ್ತು, ಸಿಹಿ ಪಾನೀಯ ಇವೆಲ್ಲ ಕಪಾಟಿನಲ್ಲಿ ವರ್ಷಗಟ್ಟಲೆ ಕೂರುತ್ತವೆ. ಬಿಪಿ ಇರುವವರಿಗೆ ಆ ಸೂಪು, ಸಕ್ಕರೆ ಕಾಯಿಲೆಯವರಿಗೆ ಆ ಹಣ್ಣು ಕೊಟ್ಟರೆ ಒಂದು ಕೈಯಲ್ಲಿ ಮದ್ದು ಕೊಟ್ಟು ಇನ್ನೊಂದು ಕೈಯಲ್ಲಿ ರೋಗ ಕೊಟ್ಟ ಹಾಗೆ. ಆಸ್ಪತ್ರೆಯ ಉಗ್ರಾಣಕ್ಕೆ ಈ ತಪ್ಪು ಮಾಡುವ ಸ್ವಾತಂತ್ರ್ಯವೇ ಇರಲಿಲ್ಲ. ಹಾಗಾಗಿ ಕೆಂಪಕ್ಕಿಯಂಥ ತವುಡು ತೆಗೆಯದ ಅಕ್ಕಿ, ಒಣ ಕಾಳು, ಮೊಟ್ಟೆ, ಕೋಳಿಮಾಂಸ, ಹಾಲು, ತಾಜಾ ತರಕಾರಿ ಹಣ್ಣುಗಳಿಗೆ ಇಲ್ಲಿ ಮೊದಲಿನಿಂದಲೂ ಆದ್ಯತೆ. ತಾಜಾ ಪದಾರ್ಥ ಇಡಲು ಶೀತಲ ಕೋಣೆ ಬೇಕು, ದಿನವೂ ಬಂದದ್ದು ಬೇಗ ಹೋಗಬೇಕು, ಆರಿಸಿ ಜೋಡಿಸಲು ಕೈಗಳು ಬೇಕು. ಸ್ವಯಂಸೇವಕರಿಲ್ಲದೆ ಇದು ನಡೆಯದು.

ಊಟಕ್ಕೂ ಔಷಧಿಗೂ ಇರುವ ನಂಟನ್ನು ಬೇರೆ ಕಡೆಯ ಅಧ್ಯಯನಗಳೂ ತೋರಿಸಿದವು. 2014ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದ ಪ್ರಕಾರ, ರಕ್ತದಲ್ಲಿ ಸಕ್ಕರೆ ಏಕಾಏಕಿ ಕುಸಿದು ಆಸ್ಪತ್ರೆ ಸೇರುವ ಬಡ ರೋಗಿಗಳ ಪ್ರಮಾಣ ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇ 27ರಷ್ಟು ಹೆಚ್ಚು. ಉಳ್ಳವರಲ್ಲಿ ಇಂಥ ಏರಿಳಿತ ಇರಲಿಲ್ಲ. ಇನ್ಸುಲಿನ್ ಚುಚ್ಚಿಕೊಂಡಿದ್ದಾರೆ, ತಿನ್ನಲು ಮನೆಯಲ್ಲಿ ಏನೂ ಇಲ್ಲ. ವೈದ್ಯರು ಬರೆದ ಮದ್ದೇ ಆಗ ಅಪಾಯ ತರುತ್ತದೆ.

ಅಡುಗೆಮನೆ ಪಾಠ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಗಾದೆ ಹೇಳುತ್ತದೆ. ಆ ‘ಬಲ್ಲ’ ಎಂಬ ಭಾಗವನ್ನು ಕಲಿಸುವುದಕ್ಕೂ ಆಸ್ಪತ್ರೆ ಏರ್ಪಾಡು ಮಾಡಿತು. ಉಗ್ರಾಣದ ಜೊತೆಜೊತೆಗೇ ಬೆಳೆದದ್ದು ಪ್ರಾತ್ಯಕ್ಷಿಕೆಯ ಅಡುಗೆಮನೆ. ಪಥ್ಯತಜ್ಞರೂ ಅಡುಗೆ ಬಲ್ಲವರೂ ಆದ ಸಿಬ್ಬಂದಿ ಇಲ್ಲಿ ರೋಗಿಗಳ ಎದುರೇ ಒಲೆ ಹಚ್ಚಿ ಅಡುಗೆ ಮಾಡಿ ತೋರಿಸುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಹೃದಯದ ಚಿಕಿತ್ಸೆ ಆದವರಿಗೆ, ಕ್ಯಾನ್ಸರಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ, ವ್ಯಸನದಿಂದ ಹೊರಬರುತ್ತಿರುವವರಿಗೆ ಬೇರೆ ಬೇರೆ ತರಗತಿಗಳಿವೆ. ಉಗ್ರಾಣದಲ್ಲಿ ಆ ದಿನಗಳಲ್ಲಿ ಏನಿದೆಯೋ ಅದನ್ನೇ ಬಳಸಿ ಅಡುಗೆ ಹೇಳಿಕೊಡುವುದು ಇಲ್ಲಿನ ಪದ್ಧತಿ. ಕಂಡರಿಯದ ತರಕಾರಿ ಚೀಲದಲ್ಲಿ ಬಂದರೆ ಅದು ಮನೆಯ ಕಸದಬುಟ್ಟಿ ಸೇರುವುದೇ ಹೆಚ್ಚು. ಒಮ್ಮೆ ರುಚಿ ನೋಡಿದವರು ಮುಂದಿನ ಸಲ ಕೇಳಿ ಪಡೆಯುತ್ತಾರೆ.

ಹೈಟಿಯವರ ಅನ್ನ ಹುರುಳಿಕಾಯಿ ಬೀಜದ ಅಡುಗೆಯನ್ನೋ ಲ್ಯಾಟಿನ್ ಅಮೆರಿಕದವರ ಬೇಯಿಸಿದ ಕಾಳನ್ನೋ ಬಿಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ಉಪ್ಪು ತಗ್ಗಿಸಿ, ಎಣ್ಣೆ ಕಡಿಮೆ ಮಾಡಿ, ನಿಂಬೆ, ಬೆಳ್ಳುಳ್ಳಿ, ಸೊಪ್ಪಿನಿಂದ ರುಚಿ ತರುವುದನ್ನು ಹೇಳಿಕೊಟ್ಟರೆ ಅಜ್ಜಿಯ ಅಡುಗೆ ಉಳಿಯುತ್ತದೆ, ವೈದ್ಯರ ಮಾತೂ ನಡೆಯುತ್ತದೆ. ಕಡಿಮೆ ದುಡ್ಡಿನಲ್ಲಿ ಸಂತೆ ಮಾಡುವುದು ಹೇಗೆ, ಡಬ್ಬಿಯ ಮೇಲಿನ ಸಣ್ಣಕ್ಷರ ಓದುವುದು ಹೇಗೆ ಎಂಬುದೂ ಪಾಠದಲ್ಲಿ ಸೇರಿದೆ.

ತಾರಸಿಯ ಮೇಲೆ ತೋಟ

2017ರಲ್ಲಿ ಆಸ್ಪತ್ರೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ತನ್ನ ವಿದ್ಯುತ್ ಸ್ಥಾವರದ ಕಟ್ಟಡದ ತಾರಸಿಯಲ್ಲಿ 2,658 ಚದರಡಿ ತೋಟ ಮಾಡಿತು. ಹಾಲಿನ ಪ್ಲಾಸ್ಟಿಕ್ ಕ್ರೇಟುಗಳನ್ನು ಸಾಲಾಗಿ ಜೋಡಿಸಿ, ಮಣ್ಣು ತುಂಬಿ, ಹನಿ ನೀರು ಹಾಯಿಸಿ ಇಲ್ಲಿ ಬೆಳೆ ತೆಗೆಯುತ್ತಾರೆ. ಟೊಮೆಟೊ, ಸೌತೆ, ಬದನೆ, ದಪ್ಪಮೆಣಸು, ಮೂಲಂಗಿ, ಬೀನ್ಸು, ಬಗೆಬಗೆಯ ಸೊಪ್ಪು ಸೇರಿ ಇಪ್ಪತ್ತೈದಕ್ಕೂ ಹೆಚ್ಚು ಬೆಳೆಗಳಿವೆ. ಪರಾಗಸ್ಪರ್ಶಕ್ಕೆ ಜೇನುಗೂಡುಗಳನ್ನೂ ಇಟ್ಟಿದ್ದಾರೆ. ಹಿಮ ಬೀಳುವ ಊರಿನಲ್ಲಿ ವರ್ಷದ ಬೆಳೆಗಾಲ ಚಿಕ್ಕದು. ಆದರೂ ಒಂದು ವರ್ಷಕ್ಕೆ ಸುಮಾರು 5,000 ಪೌಂಡು, ಅಂದರೆ ಎರಡು ಟನ್ನಿಗೂ ಮೀರಿದ ಫಸಲು ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಉಗ್ರಾಣಕ್ಕೆ. ಉಳಿದದ್ದು ಪ್ರಾತ್ಯಕ್ಷಿಕೆಯ ಅಡುಗೆಮನೆ, ಒಳರೋಗಿಗಳ ಊಟ ಮತ್ತು ಆಸ್ಪತ್ರೆಯೊಳಗಿನ ತರಕಾರಿ ಮಾರಾಟಕ್ಕೆ.

ತಿಂಗಳಿಗೆ 7,000 ಜನರ ಲೆಕ್ಕದಲ್ಲಿ ಎರಡು ಟನ್ನು ಬಲು ಸಣ್ಣ ಮೊತ್ತ. ತೋಟದಿಂದ ಉಗ್ರಾಣ ತುಂಬುತ್ತದೆ ಎಂದು ಯಾರೂ ಭ್ರಮಿಸಬೇಕಿಲ್ಲ. ಬೆಳಿಗ್ಗೆ ಕಿತ್ತ ಸೊಪ್ಪು ಸಂಜೆಯೊಳಗೆ ಬಡವರ ಮನೆ ಸೇರುತ್ತದೆ ಎಂಬುದೇ ಅದರ ಬೆಲೆ. ಉಳ್ಳವರ ಬಡಾವಣೆಯ ಅಂಗಡಿಗಳಲ್ಲಿ ಮಾತ್ರ ಸಿಗುತ್ತಿದ್ದ ತಾಜಾತನ ಇಲ್ಲಿ ಚೀಟಿಗೆ ಸಿಗುತ್ತದೆ.

ಎರಡು ಪ್ರಶ್ನೆಗಳು

ಉಗ್ರಾಣ ಇದ್ದರೂ ಹಸಿದವರು ಯಾರೆಂದು ವೈದ್ಯರಿಗೆ ಗೊತ್ತಾಗಬೇಕಲ್ಲ? ನಾಚಿಕೆಯಿಂದ ಜನ ಬಾಯಿಬಿಡುವುದಿಲ್ಲ. ಮಕ್ಕಳನ್ನು ಸರ್ಕಾರ ಕರೆದೊಯ್ದೀತೆಂಬ ಭಯವೂ ಕೆಲವರಿಗೆ. ಈ ಗಂಟನ್ನು ಬಿಡಿಸಿದ್ದು ಚಿಲ್ಡ್ರನ್ಸ್ ಹೆಲ್ತ್‌ವಾಚ್ ಜಾಲದ ಸಂಶೋಧಕರು. ಮನೆಯ ಆಹಾರ ಭದ್ರತೆ ಅಳೆಯಲು ಅಮೆರಿಕ ಸರ್ಕಾರ ಬಳಸುತ್ತಿದ್ದ ಉದ್ದದ ಪ್ರಶ್ನಾವಳಿಯಿಂದ ಅವರು ಎರಡೇ ಪ್ರಶ್ನೆಗಳನ್ನು ಆರಿಸಿ 2010ರಲ್ಲಿ ಪ್ರಕಟಿಸಿದರು. ಕಳೆದ ಹನ್ನೆರಡು ತಿಂಗಳಲ್ಲಿ, ಮತ್ತೆ ದುಡ್ಡು ಕೈಸೇರುವ ಮೊದಲೇ ಮನೆಯ ದಿನಸಿ ಮುಗಿದೀತೆಂಬ ಚಿಂತೆ ಕಾಡಿತ್ತೇ? ತಂದ ದಿನಸಿ ಸಾಲದೆ, ಇನ್ನಷ್ಟು ತರಲು ದುಡ್ಡಿಲ್ಲದ ಸ್ಥಿತಿ ಬಂದಿತ್ತೇ? ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಆ ಮನೆಗೆ ನೆರವು ಬೇಕು ಎಂದರ್ಥ.

ನಾಡಿ ಮಿಡಿತ, ಉಸಿರಾಟ, ಜ್ವರ ನೋಡುವಷ್ಟೇ ಸಹಜವಾಗಿ ಹಸಿವನ್ನೂ ವಿಚಾರಿಸಬೇಕು ಎಂಬುದು ಇದರ ತಾತ್ಪರ್ಯ. ಎಲ್ಲ ಮಕ್ಕಳ ವೈದ್ಯರೂ ಈ ಬಗೆಯಲ್ಲಿ ವಿಚಾರಿಸಬೇಕೆಂದು 2015ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಶಿಫಾರಸು ಮಾಡಿತು. ಪ್ರಶ್ನೆ ಕೇಳಿದ ಮೇಲೆ ಕೊಡಲು ಏನಾದರೂ ಇರಬೇಕು ಎಂಬ ಒತ್ತಡದಿಂದ ಹಲವು ಆಸ್ಪತ್ರೆಗಳು ತಮ್ಮದೇ ಉಗ್ರಾಣ ತೆರೆದವು. ಪೆನ್ಸಿಲ್ವೇನಿಯಾದ ಗೈಸಿಂಗರ್ ಆಸ್ಪತ್ರೆ ಸಮೂಹ 2016ರಲ್ಲಿ ಸಕ್ಕರೆ ಕಾಯಿಲೆಯವರಿಗಾಗಿ ಇಂಥದ್ದೇ ವ್ಯವಸ್ಥೆ ಆರಂಭಿಸಿತು. 2020ರಲ್ಲಿ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯ ಬಡವರ ಆರೋಗ್ಯ ವಿಮೆಯ ಹಣದಿಂದ ಕೆಲವು ರೋಗಿಗಳಿಗೆ ಆಹಾರ ಮತ್ತು ವಸತಿ ನೆರವು ಕೊಡಲು ದಾರಿ ಮಾಡಿತು. ಮೌಂಡ್ ಬಯೂನಲ್ಲಿ ಅಧಿಕಾರಿ ಆಕ್ಷೇಪಿಸಿದ್ದನ್ನು ಅರ್ಧ ಶತಮಾನದ ಬಳಿಕ ಒಂದು ರಾಜ್ಯ ಸರ್ಕಾರವೇ ಮಾಡಿತು.

ಪರೀಕ್ಷೆಯ ಕಾಲ ಮತ್ತು ಮಿತಿಯ ಅರಿವು

2020ರ ಕೋವಿಡ್ ಉಗ್ರಾಣದ ಗಟ್ಟಿತನವನ್ನು ಪರೀಕ್ಷಿಸಿತು. ಹೋಟೆಲು, ಅಂಗಡಿ ಮುಚ್ಚಿ ಮೊದಲು ಕೆಲಸ ಕಳೆದುಕೊಂಡವರು ಈ ಆಸ್ಪತ್ರೆಯ ರೋಗಿಗಳೇ. ಒಳಗೆ ಬಂದು ಆರಿಸಿಕೊಳ್ಳುವುದು ನಿಂತಿತು. ಮೊದಲೇ ತುಂಬಿಟ್ಟ ಚೀಲ ಕೊಡುವ ಕ್ರಮ ಬಂತು. 2025ರ ಅಕ್ಟೋಬರ್, ನವೆಂಬರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕಚೇರಿಗಳು ಬಜೆಟ್ ಜಗಳದಿಂದ ಮುಚ್ಚಿದ್ದಾಗ ಫುಡ್ ಸ್ಟಾಂಪಿನ ಇಂದಿನ ರೂಪವಾದ ಸ್ನ್ಯಾಪ್ ಹಣ ದೇಶದಾದ್ಯಂತ ತಡವಾಯಿತು. ಉಗ್ರಾಣಗಳ ಮುಂದೆ ಸಾಲು ಮತ್ತೆ ಬೆಳೆಯಿತು.

ಇಂಥ ಹೊತ್ತಿನಲ್ಲಿ ಒಂದು ಲೆಕ್ಕ ನೆನಪಿಡಬೇಕು. ಅಮೆರಿಕದ ಫುಡ್ ಬ್ಯಾಂಕುಗಳ ಒಕ್ಕೂಟವೇ ಹೇಳುವಂತೆ, ಫುಡ್ ಬ್ಯಾಂಕುಗಳು ಒಂದು ಊಟ ಒದಗಿಸಿದರೆ ಸ್ನ್ಯಾಪ್ ಯೋಜನೆ ಒಂಬತ್ತು ಊಟ ಒದಗಿಸುತ್ತದೆ. ಸರ್ಕಾರ ಕೈಬಿಟ್ಟ ಒಂಬತ್ತನ್ನು ದಾನದ ಒಂದು ತುಂಬಿಕೊಡದು. ತುರ್ತು ನೆರವಿನ ಈ ವ್ಯವಸ್ಥೆಗಳು ಸರ್ಕಾರದ ಹೊಣೆಯನ್ನು ಮರೆಸುತ್ತವೆ ಎಂದು ಸಮಾಜಶಾಸ್ತ್ರಜ್ಞೆ ಜ್ಯಾನೆಟ್ ಪಾಪೆಂಡೀಕ್ 1998ರಲ್ಲೇ ‘ಸ್ವೀಟ್ ಚಾರಿಟಿ?’ ಪುಸ್ತಕದಲ್ಲಿ ಎಚ್ಚರಿಸಿದ್ದರು. ಬಾಸ್ಟನ್ ಆಸ್ಪತ್ರೆಯ ಉಗ್ರಾಣಕ್ಕೂ ಈ ಮಾತು ಅನ್ವಯಿಸುತ್ತದೆ. ತಿಂಗಳಿಗೆ ಎರಡು ಸಲ, ಮೂರು ನಾಲ್ಕು ದಿನದ ದಿನಸಿ ಎಂದರೆ ವಾರದಷ್ಟು ಊಟ. ಉಳಿದ ಮೂರು ವಾರ ಕೂಲಿ, ಬಾಡಿಗೆ, ಸರ್ಕಾರದ ನೀತಿಗಳ ಕೈಯಲ್ಲಿರುತ್ತದೆ. ಕೆಲವು ನೂರರಿಂದ 7,000ಕ್ಕೆ ಏರಿದ ಅಂಕಿ ಸಂಸ್ಥೆಯ ದಕ್ಷತೆಯನ್ನು ತೋರಿಸುತ್ತದೆ. ನಗರದ ಸೋಲನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ.

ಆದರೆ ಈ ಉಗ್ರಾಣದ ಹಿರಿಯರು ಹಂಚುವುದಕ್ಕಷ್ಟೇ ತೃಪ್ತರಾಗಲಿಲ್ಲ ಎಂಬುದು ಅವರ ಹೆಚ್ಚುಗಾರಿಕೆ. ಚೀಲ ತುಂಬಿದ ಆಸ್ಪತ್ರೆಯೇ ಮಕ್ಕಳ ತೂಕ ಅಳೆದು, ಅಂಕಿಅಂಶ ಕೂಡಿಸಿ, ಸಂಸತ್ತಿನ ಮುಂದಿಟ್ಟು ಕಾಯ್ದೆ ಬದಲಿಸಿ ಎಂದು ವಾದಿಸಿತು. ದಾನವನ್ನೂ ಹಕ್ಕಿನ ಹೋರಾಟವನ್ನೂ ಒಂದೇ ಸೂರಿನಡಿ ನಡೆಸಿದ ಸಂಸ್ಥೆಗಳು ಕಡಿಮೆ. ಆ ಕಾರಣಕ್ಕೆ ಈ ಇಪ್ಪತ್ತೈದು ವರ್ಷಗಳು ನೆನೆಯತಕ್ಕವು.

ಉಗ್ರಾಣ ಕಟ್ಟಲು ಹಣ, ಜಾಗ, ಜನ ಬೇಕು. ತಾರಸಿ ತೋಟ ಎಲ್ಲರಿಗೂ ಎಟಕುವುದಲ್ಲ. ಆದರೆ ಆ ಎರಡು ಪ್ರಶ್ನೆಗಳನ್ನು ಕೇಳಲು ಕಾಸು ಬೇಕಾಗಿಲ್ಲ, ಒಂದು ನಿಮಿಷ ಸಾಕು. ಬಾಸ್ಟನ್ನಿನಲ್ಲಿರಲಿ, ಬಳ್ಳಾರಿಯಲ್ಲಿರಲಿ, ಇದನ್ನು ಓದುವ ವೈದ್ಯರು, ನರ್ಸುಗಳು, ಆಶಾ ಕಾರ್ಯಕರ್ತೆಯರು ತಮ್ಮ ಎದುರು ಕೂತ ರೋಗಿಯನ್ನು ನಾಳೆಯಿಂದಲೇ ಕೇಳಲಿ: ಮನೆಯಲ್ಲಿ ಊಟಕ್ಕೆ ತೊಂದರೆಯಿದೆಯೇ? ಉತ್ತರ ಹೌದೆಂದು ಬಂದರೆ ಅದನ್ನು ಕಡತದಲ್ಲಿ ಬರೆಯಲಿ. ಬರೆದಿಟ್ಟ ಹಸಿವನ್ನು ಯಾವ ಆಡಳಿತವೂ ಬಹುಕಾಲ ಕಾಣದ ಹಾಗೆ ನಟಿಸಲಾರದು.